ಸೋಫಾದ ಮೇಲಿನ ಇಂಗ್ಲಿಷ್

‘ವಾಟ್ ಹ್ಯಾವ್ ಯು ಬೀನ್ ಅಪ್ ಟು?’

ಲಂಡನ್ನಿನ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೀಗೆ ಕೇಳಿದಾಗ ಒಂದೊಂದು ಪದವೂ ನನಗೆ ಗೊತ್ತಿತ್ತು, ಪ್ರಶ್ನೆ ಮಾತ್ರ ಗೊತ್ತಾಗಲಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಪದವಿಯ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲೇ ಬರೆದವನು ನಾನು. ರಜೆ ಅರ್ಜಿ, ವರದಿ, ಪ್ರಬಂಧ ಎಲ್ಲವೂ ಬರುತ್ತಿದ್ದವು. ‘ಏನ್ ಸಮಾಚಾರ, ಏನ್ ಮಾಡ್ಕೊಂಡಿದ್ದೀರಿ ಇತ್ತೀಚೆಗೆ?’ ಎಂಬಷ್ಟೇ ಅರ್ಥದ ಮಾತಿಗೆ ಉತ್ತರ ಬರಲಿಲ್ಲ. ಕೆಲವೇ ದಿನಗಳಲ್ಲಿ ಟಿವಿಯ ಸಂದರ್ಶನವೊಂದರಲ್ಲಿ ಅದೇ ಪ್ರಶ್ನೆ ಕಿವಿಗೆ ಬಿತ್ತು. ಅತಿಥಿ ಒಂದಿಷ್ಟೂ ಯೋಚಿಸದೆ ಉತ್ತರಿಸಿದರು. ಅಂದಿನಿಂದ ಟಾಕ್ ಶೋ ನನ್ನ ಪಾಠಶಾಲೆಯಾಯಿತು.

ಅಮೆರಿಕದ ‘ದಿ ಟುನೈಟ್ ಶೋ’ ಶುರುವಾದದ್ದು 1954ರಲ್ಲಿ. ಜಾನಿ ಕಾರ್ಸನ್ 1962ರಿಂದ 1992ರವರೆಗೆ, ಮೂವತ್ತು ವರ್ಷ ಅದನ್ನು ನಡೆಸಿಕೊಟ್ಟರು. ಬ್ರಿಟನ್ನಿನಲ್ಲಿ 1971ರಿಂದ ಮೈಕೆಲ್ ಪಾರ್ಕಿನ್ಸನ್ ಅತಿಥಿಗಳನ್ನು ಎದುರು ಕೂರಿಸಿಕೊಂಡು ಮಾತಾಡಿಸಿದರು. ಓಪ್ರಾ ವಿನ್‌ಫ್ರೀ ಅವರ ಕಾರ್ಯಕ್ರಮ 1986ರಿಂದ 2011ರವರೆಗೆ ಷಿಕಾಗೋದಿಂದ ಪ್ರಸಾರವಾಯಿತು. ಸಿನಿಮಾದ ಸಂಭಾಷಣೆಯನ್ನು ಯಾರೋ ಬರೆದಿರುತ್ತಾರೆ, ಸುದ್ದಿ ವಾಚಕರ ಮುಂದೆ ಓದುವ ಸಾಲುಗಳು ಇರುತ್ತವೆ. ಸಂದರ್ಶನದಲ್ಲಿ ಮಾತ್ರ ಮನುಷ್ಯರು ಪದ ಹುಡುಕುತ್ತಾರೆ, ತಡವರಿಸುತ್ತಾರೆ, ಹೇಳಿದ್ದನ್ನು ಅರ್ಧಕ್ಕೆ ಬಿಟ್ಟು ತಿದ್ದಿಕೊಳ್ಳುತ್ತಾರೆ. ಕಲಿಯುವವನಿಗೆ ಬೇಕಾದದ್ದು ಆ ತಡವರಿಕೆಯೇ.

ಹಾಗಿದ್ದರೆ ಎಷ್ಟು ಪದ ಗೊತ್ತಿರಬೇಕು? ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಇದರ ಲೆಕ್ಕ ಕೊಟ್ಟರು. ಆಡುಮಾತಿನ ನೂರು ಪದಗಳಲ್ಲಿ ತೊಂಬತ್ತೆಂಟು ಗೊತ್ತಿರಬೇಕಾದರೆ 6,000ದಿಂದ 7,000 ಪದಕುಟುಂಬಗಳು ಬೇಕು. ಪತ್ರಿಕೆ, ಕಾದಂಬರಿಗಳಿಗೆ 8,000ದಿಂದ 9,000. ‘ಪ್ಲೇ’, ‘ಪ್ಲೇಡ್’, ‘ಪ್ಲೇಯರ್’ ಎಲ್ಲ ಸೇರಿ ಒಂದು ಕುಟುಂಬ. ಟಿವಿ ಕಾರ್ಯಕ್ರಮಗಳನ್ನೇ ಪರೀಕ್ಷಿಸಿದ ವೆಬ್ ಮತ್ತು ರಾಜರ್ಸ್, ಅತಿ ಬಳಕೆಯ 3,000 ಕುಟುಂಬಗಳ ಜೊತೆಗೆ ಹೆಸರುಗಳು ಗೊತ್ತಿದ್ದರೆ ಶೇ 95ರಷ್ಟು ಪದಗಳು ದಕ್ಕುತ್ತವೆ ಎಂದು 2009ರಲ್ಲಿ ತೋರಿಸಿದರು. ಇದನ್ನು ಓದಿದಾಗ ನನಗೆ ಧೈರ್ಯ ಬಂತು. ನನ್ನಲ್ಲಿ ಪದಗಳಿಗೆ ಅಂಥ ಬರ ಇರಲಿಲ್ಲ. ‘ಅಪ್’, ‘ಟು’, ‘ಬೀನ್’ನಂಥ ಚಿಕ್ಕ ಪದಗಳು ಒಟ್ಟುಗೂಡಿ ಏನು ಮಾಡುತ್ತವೆ ಎಂಬುದು ತಿಳಿದಿರಲಿಲ್ಲ.

ನಟರ ಮಾತನ್ನೇ ನೋಡಿ. ಪಾತ್ರವನ್ನು ಅವರು ‘ರಿಫ್ಯೂಸ್’ ಮಾಡುವುದು ಕಡಿಮೆ, ‘ಟರ್ನ್ ಡೌನ್’ ಮಾಡುತ್ತಾರೆ. ಹಳೆಯ ಗೆಳೆಯರನ್ನು ಅಕಸ್ಮಾತ್ ಕಂಡರೆ ‘ರನ್ ಇನ್‌ಟು’. ಡಾಕ್ಟರಾಗಲು ಹೊರಟು ಕೊನೆಗೆ ನಟನಾದರೆ ‘ಎಂಡೆಡ್ ಅಪ್’. ‘ಕೊನೆಗೆ ಹಾಗಾಗಿಬಿಟ್ಟಿತು’ ಎನ್ನುವಾಗ ನಮ್ಮ ‘ಬಿಟ್ಟಿತು’ ಮಾಡುವ ಕೆಲಸವನ್ನು ಅಲ್ಲಿ ಆ ‘ಅಪ್’ ಮಾಡುತ್ತದೆ. ಇದು ಹೊಳೆದ ಮೇಲೆ ಪದಕ್ಕೆ ಪದ ಹುಡುಕುವುದನ್ನು ಬಿಟ್ಟೆ. ಬದಲಿಗೆ, ಇದೇ ಗಳಿಗೆಯಲ್ಲಿ ಕನ್ನಡದವರು ಏನೆನ್ನುತ್ತಿದ್ದರು ಎಂದು ಕೇಳಿಕೊಳ್ಳತೊಡಗಿದೆ. ‘ಬೈ ದ ವೇ’ಗೆ ‘ಅಂದಹಾಗೆ’. ‘ಕೈಂಡ್ ಆಫ್’ಗೆ ‘ಒಂಥರಾ’. ‘ದ ಥಿಂಗ್ ಈಸ್’ಗೆ ‘ಅದೇನಪ್ಪಾ ಅಂದ್ರೆ’. ಮಾತನ್ನು ಜೋಡಿಸುವ ಇಂಥ ಕೊಂಡಿಗಳು ನಮ್ಮಲ್ಲೂ ಧಾರಾಳವಾಗಿವೆ. ಪಠ್ಯಪುಸ್ತಕಗಳು ಅವನ್ನು ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಪ್ರಶ್ನೆ ಕೇಳುವುದನ್ನು ಲ್ಯಾರಿ ಕಿಂಗ್ ಅವರಿಂದ ಕಲಿತೆ. ಸಿಎನ್ಎನ್‌ನಲ್ಲಿ 1985ರಿಂದ 2010ರವರೆಗೆ ಮಾತುಕತೆ ನಡೆಸಿದ ಅವರು ಚಿಕ್ಕ ಪ್ರಶ್ನೆಗಳಿಗೆ ಹೆಸರಾದವರು. ‘ವಾಟ್ ವಾಸ್ ದಟ್ ಲೈಕ್?’ ಎಂಬ ಬಗೆಯ ನಾಲ್ಕು ಪದ ಸಾಕು, ಎದುರಿನವರು ಐದು ನಿಮಿಷ ಮಾತಾಡುತ್ತಾರೆ. ‘ನಿಮ್ಮ ಅನುಭವವನ್ನು ದಯವಿಟ್ಟು ವಿವರಿಸುವಿರಾ’ ಎಂಬುದರ ಇಂಗ್ಲಿಷನ್ನು ಉರು ಹೊಡೆದಿದ್ದ ನನಗೆ ಇದು ದೊಡ್ಡ ಪಾಠ.

ಕೇಳುಗನೂ ಮಾತಾಡುತ್ತಿರಬೇಕು ಎಂಬುದನ್ನು ಕಲಿಸಿದ್ದು ಗ್ರಹಾಂ ನಾರ್ಟನ್ ಅವರ ಕೆಂಪು ಸೋಫಾ. 2007ರಿಂದ ಬಿಬಿಸಿಯಲ್ಲಿ ಬರುತ್ತಿರುವ ಆ ಕಾರ್ಯಕ್ರಮದಲ್ಲಿ ಅತಿಥಿಗಳು ಒಟ್ಟಿಗೆ ಕೂತಿರುತ್ತಾರೆ. ಒಬ್ಬರು ಕಥೆ ಹೇಳುವಾಗ ಉಳಿದವರು ನಡುನಡುವೆ ‘ಡಿಡ್ ಯು?’, ‘ವರ್ ಯು?’, ‘ಹ್ಯಾಸ್ ಶಿ?’ ಎನ್ನುತ್ತಾರೆ. ಕನ್ನಡದಲ್ಲಿ ಎಲ್ಲದಕ್ಕೂ ‘ಹೌದಾ?’ ಒಂದೇ ಸಾಕು. ಇಂಗ್ಲಿಷಿನಲ್ಲಿ ಎದುರಿನವರ ಕ್ರಿಯಾಪದವನ್ನು ಹಿಡಿದು, ಅದಕ್ಕೆ ಹೊಂದುವ ‘ಹೌದಾ?’ವನ್ನು ಅರೆಕ್ಷಣದಲ್ಲಿ ಕೊಡಬೇಕು. ಇದೊಂದನ್ನು ರೂಢಿಸಿಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು.

ಭಿನ್ನಾಭಿಪ್ರಾಯದ ಇಂಗ್ಲಿಷ್ ಸಿಕ್ಕಿದ್ದು 1997ರಲ್ಲಿ ಆರಂಭವಾದ ಬಿಬಿಸಿಯ ‘ಹಾರ್ಡ್‌ಟಾಕ್’ನಲ್ಲಿ. ‘ಹ್ಯಾಂಗ್ ಆನ್’ ಎಂದರೆ ‘ತಾಳಿ ಸ್ವಲ್ಪ’. ‘ವಿತ್ ರೆಸ್ಪೆಕ್ಟ್’ ಎಂದು ಆರಂಭವಾಯಿತೆಂದರೆ ಮುಂದೆ ವಿರೋಧ ಬರಲಿದೆ ಎಂದೇ ತಿಳಿಯಬೇಕು. ‘ಲೆಟ್ ಮಿ ಫಿನಿಶ್’ ಅನ್ನು ಕಚೇರಿಯ ಸಭೆಯಲ್ಲಿ ಮೊದಲ ಬಾರಿ, ಮೆಲ್ಲಗೆ ಹೇಳಿದ ದಿನ ನನ್ನ ಮಾತು ಪೂರ್ತಿಯಾಯಿತು.

ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 2005ರಲ್ಲಿ ಅಮೆರಿಕದ ಟಾಕ್ ಶೋ ನಿರೂಪಕ ಡೇವಿಡ್ ಲೆಟರ್‌ಮನ್ ಅವರ ಎದುರು ಕೂತ ಸಂದರ್ಶನವನ್ನು ನಾನು ಹಲವು ಬಾರಿ ನೋಡಿದ್ದೇನೆ. ಅಪ್ಪ–ಅಮ್ಮನ ಜೊತೆಗೇ ಇದ್ದೀರಾ, ಭಾರತದಲ್ಲಿ ಅದು ‘ಕಾಮನ್’ ಏನು ಎಂದು ಲೆಟರ್‌ಮನ್ ಕೇಳುತ್ತಾರೆ. ಐಶ್ವರ್ಯಾ ಅದೇ ‘ಕಾಮನ್’ ಪದವನ್ನು ಎತ್ತಿಕೊಂಡು, ರಾತ್ರಿಯೂಟಕ್ಕೆ ಹೆತ್ತವರ ಅಪಾಯಿಂಟ್‌ಮೆಂಟ್ ಕೇಳಬೇಕಿಲ್ಲದಿರುವುದೂ ನಮ್ಮಲ್ಲಿ ‘ಕಾಮನ್’ ಎಂದು ನಗುತ್ತಲೇ ಉತ್ತರಿಸುತ್ತಾರೆ. ಅಪಾಯಿಂಟ್‌ಮೆಂಟನ್ನು ಅಮೆರಿಕದವರು ‘ಮೇಕ್’ ಮಾಡುತ್ತಾರೆ. ಐಶ್ವರ್ಯಾ ನಮ್ಮವರ ಹಾಗೆ ‘ಟೇಕ್’ ಎಂದರು. ಅದರಿಂದ ಮಾತಿನ ತೂಕ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕೇಳಿದವರ ಪದವನ್ನೇ ಹಿಡಿದು ಉತ್ತರ ಕಟ್ಟುವುದು ನನಗೆ ಅಲ್ಲಿಂದ ಬಂದ ಅಭ್ಯಾಸ. ಯೋಚಿಸಲು ಒಂದು ಕ್ಷಣ ಸಿಗುತ್ತದೆ, ಪದವೂ ಕೈಯಲ್ಲೇ ಇರುತ್ತದೆ.

ನಾನು ಮೊದಲು ಮಾಡಿದ ತಪ್ಪೆಂದರೆ ಇಡೀ ಕಂತುಗಳನ್ನು ಒಂದರ ಹಿಂದೊಂದು ನೋಡಿದ್ದು. ಮನರಂಜನೆಯಾಯಿತು, ಕಲಿಕೆಯಾಗಲಿಲ್ಲ. ಈಗ ನಾಲ್ಕು ನಿಮಿಷದ ತುಣುಕು ಸಾಕು. ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ನೋಡುವುದು. ಮೂರನೇ ಸಲ ನಿರೂಪಕರ ಪ್ರಶ್ನೆ ಮುಗಿದ ಕೂಡಲೇ ನಿಲ್ಲಿಸಿ ನಾನೇ ಜೋರಾಗಿ ಉತ್ತರಿಸುವುದು. ಅತಿಥಿಯ ಉತ್ತರ ಕೇಳುವುದು ಅದಾದ ಮೇಲೆ.

ಇನ್ನೊಂದು ಅನುಕೂಲವನ್ನು ತಡವಾಗಿ ಕಂಡುಕೊಂಡೆ. ಹೊಸ ಸಿನಿಮಾ ಬರುವ ವಾರ ನಟರು ಹಲವು ಕಾರ್ಯಕ್ರಮಗಳನ್ನು ಸುತ್ತುತ್ತಾರೆ. ಯಾವ ಪ್ರಸಂಗ ಹೇಳಬೇಕೆಂದು ಕಾರ್ಯಕ್ರಮದ ತಂಡದವರು ಅತಿಥಿಯೊಂದಿಗೆ ಮುಂಚೆಯೇ ಮಾತಾಡಿರುವುದೂ ಉಂಟು. ಹಾಗಾಗಿ ಒಂದೇ ಕಥೆ ಎರಡು ಮೂರು ಕಡೆ, ಬೇರೆ ಬೇರೆ ಪದಗಳಲ್ಲಿ ಬರುತ್ತದೆ. ಕಥೆ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಪದಗಳ ಮೇಲೆ ನಿಲ್ಲುತ್ತದೆ.

ವೇದಿಕೆಯ ಹೊಗಳಿಕೆಯನ್ನು ಮಾತ್ರ ಮನೆಗೆ ತರಬಾರದು. ಅಲ್ಲಿ ಎಲ್ಲವೂ ‘ಅಮೇಝಿಂಗ್’. ಕಚೇರಿಯ ಒಂದು ಸಾಧಾರಣ ವರದಿಯನ್ನು ನಾನು ಹಾಗೆ ಕರೆದಾಗ ಬರೆದವರಿಗೆ ನಂಬಿಕೆಯೇ ಬರಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳಿವೆ: ಅವರು ಅಂದದ್ದು, ಯಾವಾಗ ಅಂದದ್ದು, ನಾವಾಗಿದ್ದರೆ ಏನೆನ್ನುತ್ತಿದ್ದೆವು. ದಿನಕ್ಕೆ ಮೂರೇ ಸಾಲು, ಎರಡು ದಿನದೊಳಗೆ ಅವನ್ನು ಎಲ್ಲಾದರೂ ಬಳಸಲೇಬೇಕು. ಕಳೆದ ವಾರ ಬರೆದುಕೊಂಡದ್ದು ‘ಫೇರ್ ಎನಫ್’. ಮೂರನೇ ಅಂಕಣದಲ್ಲಿ ಮೊದಲು ‘ಅದೂ ಸರಿಯೇ’ ಎಂದು ಬರೆದೆ. ಮರುದಿನ ಇನ್ನೊಬ್ಬ ಅತಿಥಿ ಅದನ್ನೇ ಸ್ವಲ್ಪ ಬೇಸರದ ದನಿಯಲ್ಲಿ ಅಂದರು. ಕೆಳಗೆ ‘ಸರಿ ಬಿಡಿ’ ಎಂದು ಸೇರಿಸಿದೆ. ಎರಡನ್ನೂ ಹಾಗೇ ಇಟ್ಟಿದ್ದೇನೆ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು.