ಹಿಮದೊಳಗಿಂದ ಬಾನಿಗೆ

ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದಿಂದ ಬ್ರಿಟನ್ನಿಗೆ ಯುದ್ಧವಿಮಾನಗಳನ್ನು ಹಡಗಿನಲ್ಲಿ ಸಾಗಿಸುವುದು ಅಪಾಯಕರವಾಗಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಹೊಂಚುಹಾಕಿದ್ದವು. ಆದುದರಿಂದ ಗ್ರೀನ್‌ಲೆಂಡ್, ಐಸ್‌ಲೆಂಡ್‌ಗಳಲ್ಲಿ ತಂಗುತ್ತ ವಿಮಾನಗಳೇ ಹಾರಿ ಸಾಗರವನ್ನು ದಾಟತೊಡಗಿದವು. ಹೀಗೆ ಹೊರಟ ಆರು ಪಿ-38 ಯುದ್ಧವಿಮಾನಗಳೂ ಎರಡು ಬಿ-17 ಬಾಂಬರುಗಳೂ 1942ರ ಜುಲೈ 15ರಂದು ಕೆಟ್ಟ ಹವೆಗೆ ಸಿಕ್ಕಿ ದಾರಿ ತಪ್ಪಿದವು. ಇಂಧನ ತೀರುತ್ತ ಬಂದಿತು. ಗ್ರೀನ್‌ಲೆಂಡಿನ ಹಿಮದ ಬಯಲಿನ ಮೇಲೆ ಇಳಿಯದೆ ಗತ್ಯಂತರವಿರಲಿಲ್ಲ. ಮೊದಲನೆಯ ವಿಮಾನವು ಗಾಲಿಗಳನ್ನು ಚಾಚಿ ಇಳಿದುದರಿಂದ ಮಗುಚಿಬಿದ್ದಿತು. ಅದನ್ನು ಕಂಡ ಉಳಿದವರು ಗಾಲಿಗಳನ್ನು ಮಡಿಸಿಕೊಂಡು, ಹೊಟ್ಟೆಯ ಮೇಲೆ ಜಾರುವಂತೆ ತಮ್ಮ ವಿಮಾನಗಳನ್ನು ಇಳಿಸಿದರು. ಇಪ್ಪತ್ತೈದು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಕೆಲವು ದಿನಗಳ ತರುವಾಯ ನಾಯಿಗಳೆಳೆಯುವ ಜಾರುಬಂಡಿಯೊಡನೆ ಬಂದ ತಂಡವೊಂದು ಅವರನ್ನು ಕಡಲತೀರಕ್ಕೆ ಕರೆದೊಯ್ದಿತು. ವಿಮಾನಗಳು ಇದ್ದಲ್ಲಿಯೇ ಉಳಿದವು.

ಸುಮಾರು ನಾಲ್ವತ್ತು ವರ್ಷಗಳ ಮೇಲೆ, ಅಟ್ಲಾಂಟಾ ನಗರದ ಪ್ಯಾಟ್ ಎಪ್ಸ್ ಮತ್ತು ರಿಚರ್ಡ್ ಟೇಲರ್ ಎಂಬ ಮಿತ್ರರು ಅವುಗಳನ್ನು ಅರಸಿ ಹೊರಟರು. ರೆಕ್ಕೆಗಳ ಮೇಲಿನ ಹಿಮವನ್ನು ಗುಡಿಸಿ, ಇಂಧನ ತುಂಬಿ ಹಾರಿಸಿಕೊಂಡು ಬರಬಹುದೆಂದು ಅವರು ಭಾವಿಸಿದ್ದರು. ಅಲ್ಲಿ ಕಂಡದ್ದು ಬರಿಯ ಬಿಳಿಯ ಬಯಲು. ಒಂದು ವರ್ಷ ಬಿದ್ದ ಹಿಮವನ್ನು ಮರುವರ್ಷದ ಹಿಮ ಅದುಮಿ ಗಡ್ಡೆಯಾಗಿಸುತ್ತದೆ. ಆ ಗಡ್ಡೆಯೂ ನಿಂತಲ್ಲಿ ನಿಲ್ಲದೆ ಕಡಲಿನತ್ತ ಮೆಲ್ಲಮೆಲ್ಲನೆ ಸರಿಯುತ್ತದೆ. ವಿಮಾನಗಳು ಹೂತುಹೋದುದಷ್ಟೇ ಅಲ್ಲ, ಮೈಲಿಗೂ ಮಿಗಿಲಾದ ದೂರ ಸಾಗಿಹೋಗಿದ್ದವು! ಹಲವು ಯಾತ್ರೆಗಳು ನಿಷ್ಫಲವಾದ ಮೇಲೆ, 1988ರಲ್ಲಿ, ಹಿಮದಾಳವನ್ನು ಭೇದಿಸುವ ರೇಡಾರ್ ಅವುಗಳ ನೆಲೆಯನ್ನು ತೋರಿಸಿಕೊಟ್ಟಿತು.

1990ರಲ್ಲಿ ಒಂದು ಬಾಂಬರನ್ನು ತಲುಪಿದಾಗ ಅದು ಹಿಮದ ಭಾರಕ್ಕೆ ನುಜ್ಜುಗುಜ್ಜಾಗಿತ್ತು. ಅಷ್ಟಕ್ಕೇ ಕೈಬಿಟ್ಟಿದ್ದರೆ ಯಾರೂ ಅವರನ್ನು ಹಳಿಯುತ್ತಿರಲಿಲ್ಲ. ಆದರೆ ಗಾತ್ರದಲ್ಲಿ ಕಿರಿದಾದರೂ ಗಟ್ಟಿಮುಟ್ಟಾದ ಪಿ-38 ಉಳಿದಿರಬಹುದೆಂಬ ಆಸೆ ಅವರನ್ನು ಬಿಡಲಿಲ್ಲ. ಕೆಂಟಕಿಯ ಉದ್ಯಮಿ ರಾಯ್ ಶಾಫ್ನರ್ ಹಣ ಒದಗಿಸಿದರು.

1992ರ ಬೇಸಗೆಯಲ್ಲಿ ಕೆಲಸ ಆರಂಭವಾಯಿತು. ಶಂಕುವಿನಾಕಾರದ ಯಂತ್ರವೊಂದಕ್ಕೆ ತಾಮ್ರದ ಕೊಳವೆಯನ್ನು ಸುತ್ತಿ, ಅದರೊಳಗೆ ಬಿಸಿನೀರನ್ನು ಹರಿಯಿಸಲಾಯಿತು. ಯಂತ್ರವು ಹಿಮವನ್ನು ಕರಗಿಸುತ್ತ ಗಂಟೆಗೆ ಕೆಲವೇ ಅಡಿಗಳಂತೆ ಕೆಳಗಿಳಿಯಿತು; ಕರಗಿದ ನೀರನ್ನು ಪಂಪು ಮೇಲೆತ್ತುತ್ತಿತ್ತು. ನಾಲ್ಕಡಿ ಅಗಲದ ಬಾವಿ. ಆಳ 268 ಅಡಿ. ಹೂಳೆತ್ತಲು ಬಾವಿಗಿಳಿಯುವವರನ್ನು ಕಂಡವರು ಈ ಕೆಲಸದ ಭೀತಿಯನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು. ತಳ ಮುಟ್ಟಿದವರು ಬಿಸಿನೀರನ್ನು ಚಿಮ್ಮಿಸಿ ವಿಮಾನದ ಸುತ್ತಲೂ ಒಂದು ಗುಹೆಯನ್ನೇ ಕೊರೆದರು. ತೊಟ್ಟಿಕ್ಕುವ ನೀರಿನಡಿಯಲ್ಲಿ, ಕೊರೆಯುವ ಚಳಿಯಲ್ಲಿ ನಿಂತು ವಿಮಾನವನ್ನು ಬಿಡಿಬಿಡಿಯಾಗಿ ಕಳಚಿ ಮೇಲಕ್ಕೆ ಕಳುಹಿಸಿದರು. ಸುಮಾರು ಮೂರು ಟನ್ ತೂಕದ ನಡುಭಾಗವು ಬಾವಿಯ ಬಾಯಿಗೆ ಹಿಡಿಸದಾಗಿ, ಬಾವಿಯನ್ನೇ ಅಗಲಗೊಳಿಸಬೇಕಾಯಿತು. ಆಗಸ್ಟ್ ಒಂದರಂದು ಆ ಕೊನೆಯ ತುಂಡು ಬೆಳಕು ಕಂಡಿತು.

ಕೆಂಟಕಿಯ ಮಿಡಲ್ಸ್‌ಬರೋ ಎಂಬ ಊರಿನಲ್ಲಿ ಭಾಗಗಳನ್ನು ಪರೀಕ್ಷಿಸಿದಾಗ, ಎಣಿಸಿದುದಕ್ಕಿಂತ ಹೆಚ್ಚು ಹಾನಿಯಾಗಿರುವುದು ತಿಳಿಯಿತು. ಹಿಮವನ್ನು ಗೆದ್ದುದು ಸಾಹಸವೇ ಸರಿ. ಆದರೆ ಇಲ್ಲಿ ಕುಳಿತು ನಡೆಸಿದ ಕೆಲಸ ಅದಕ್ಕಿಂತ ಕಡಿಮೆಯದೇನಲ್ಲ. ಒಂದೊಂದು ಭಾಗವನ್ನೂ ಬಿಚ್ಚಿ, ತೊಳೆದು, ನೆಟ್ಟಗೆ ಮಾಡಿ ಜೋಡಿಸಿದರು. ಕೆಟ್ಟುಹೋದುದನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ರೂಪಿಸಿದರು. ಹತ್ತು ವರ್ಷಗಳು ಉರುಳಿದವು. ‘ಗ್ಲೇಸಿಯರ್ ಗರ್ಲ್’, ಎಂದರೆ ಹಿಮನದಿಯ ಹುಡುಗಿ, ಎಂದು ಹೆಸರು ಪಡೆದ ಆ ವಿಮಾನವು 2002ರ ಅಕ್ಟೋಬರ್ 26ರಂದು ಸಾವಿರಾರು ಜನರ ಕಣ್ಣೆದುರಿನಲ್ಲಿ ಮರಳಿ ಬಾನಿಗೇರಿತು.

1942ರಲ್ಲಿ ನಿಂತುಹೋದ ಪಯಣವನ್ನು ಪೂರೈಸಲು 2007ರಲ್ಲಿ ಅದು ಇಂಗ್ಲೆಂಡಿನತ್ತ ಹೊರಟಿತು. ಕೆನಡಾದ ತೀರ ಸಮೀಪಿಸಿದಾಗ ಎಂಜಿನ್ನನ್ನು ತಂಪಾಗಿಡುವ ದ್ರವ ಸೋರತೊಡಗಿತು. ಚಾಲಕನು ಗೂಸ್ ಬೇಯಲ್ಲಿ ವಿಮಾನವನ್ನು ಕ್ಷೇಮವಾಗಿ ಇಳಿಸಿದನು. ಅಟ್ಲಾಂಟಿಕ್ಕನ್ನು ದಾಟುವುದು ಆ ಸಲವೂ ಅದಕ್ಕೆ ಸಾಧ್ಯವಾಗಲಿಲ್ಲ.