ಹಿತ್ತಾಳೆ ಹೊಳೆದರೆ ಸಾಲದು

ಗುಂಡು ಹಾರಿದ ಮೇಲೆ ಕಾಡತೂಸಿನಲ್ಲಿ ಮತ್ತೆ ಬಳಸಲು ಉಳಿಯುವುದು ಹಿತ್ತಾಳೆಯ ಕೇಸ್ ಒಂದೇ. ಅದನ್ನು ಹೆಕ್ಕಿ ತಂದು, ತೊಳೆದು, ಅಳತೆಗೆ ತಂದು, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ), ಮದ್ದು, ಗುಂಡು ಕೂಡಿಸುವುದನ್ನು ರೀಲೋಡಿಂಗ್ ಎನ್ನುತ್ತೇವೆ. ನಾನಿರುವ ಅರಿಜೋನಾದಲ್ಲಿ ಶೂಟಿಂಗ್ ಹವ್ಯಾಸದವರು ಅನೇಕರು ಮನೆಯಲ್ಲೇ ಇದನ್ನು ಮಾಡಿಕೊಳ್ಳುತ್ತಾರೆ. ವರ್ಷಗಳಿಂದ ಈ ಕೆಲಸದಲ್ಲಿರುವ ನನಗೆ ಮನದಟ್ಟಾಗಿರುವ ಮಾತು ಇಷ್ಟೇ: ಕೇಸ್ ತೊಳೆಯುವುದು ಅದನ್ನು ಸರಿಯಾಗಿ ನೋಡುವುದಕ್ಕೆ. 9 ಎಂಎಂ ಕಾಡತೂಸಿನೊಳಗೆ ಒತ್ತಡ ಚದರ ಇಂಚಿಗೆ 35,000 ಪೌಂಡ್‌ವರೆಗೂ ಏರಬಹುದು. ಅಷ್ಟನ್ನು ತಡೆಯಬೇಕಾದ ಗೋಡೆಯಲ್ಲಿ ಒಂದು ಬಿರುಕಿದ್ದರೂ ಮಸಿಯಡಿ ಅದು ಕಾಣುವುದಿಲ್ಲ.

ಮೊದಲ ಕೆಲಸ ವಿಂಗಡಣೆ. ಹಿತ್ತಾಳೆಯಲ್ಲದವನ್ನು ತೆಗೆಯಬೇಕು: ಆಯಸ್ಕಾಂತ ಆಡಿಸಿದರೆ ಉಕ್ಕಿನ ಕೇಸ್‌ಗಳು ಅಂಟಿಕೊಂಡು ಬರುತ್ತವೆ. ಅಲ್ಯೂಮಿನಿಯಂ ಕೇಸನ್ನು ಕಣ್ಣಿನಿಂದಲೇ ಹುಡುಕಬೇಕು. .45 ಕ್ಯಾಲಿಬರ್ ಕೇಸಿನ ಹೊಟ್ಟೆಯಲ್ಲಿ 9 ಎಂಎಂ ಕೇಸ್ ಸಲೀಸಾಗಿ ಸೇರಿಕೊಳ್ಳುತ್ತದೆ. ಹಾಗೇ ತೊಳೆದರೆ ಎರಡೂ ಕಚ್ಚಿಕೊಂಡು ಕೂರುತ್ತವೆ. ಹಾರದೆ ಉಳಿದ ಜೀವಂತ ಕಾಡತೂಸು ರಾಶಿಯಲ್ಲಿ ಬೆರೆತಿದೆಯೇ ಎಂದು ನೋಡಿಕೊಳ್ಳದೆ ಮುಂದಿನ ಹೆಜ್ಜೆ ಇಡಲೇಬಾರದು.

ಇನ್ನು ಸೀಸದ ವಿಷಯ. ಸಾಮಾನ್ಯ ಪ್ರೈಮರ್‌ನಲ್ಲಿ ಸೀಸದ ಸಂಯುಕ್ತವಿರುತ್ತದೆ. ಅದು ಉರಿದು ಉಳಿದ ಮಸಿಯಲ್ಲೂ ಸೀಸವಿರುತ್ತದೆ. ಅಕ್ರೋಟಿನ ಸಿಪ್ಪೆಯ ಪುಡಿ ಹಾಕಿ ಟಂಬ್ಲರ್ ಯಂತ್ರದಲ್ಲಿ ನೀರಿಲ್ಲದೆ ತಿರುಗಿಸುವ ಪದ್ಧತಿ ಹಳೆಯದು, ಸುಲಭ ಕೂಡ. ಆದರೆ ಮುಚ್ಚಳ ತೆಗೆದು ಜರಡಿ ಹಿಡಿದಾಗ ಏಳುವ ಸಣ್ಣ ದೂಳು ನೇರವಾಗಿ ಉಸಿರಿಗೆ ಹೋಗುತ್ತದೆ. ಅದಕ್ಕೇ ನಾನು ನೀರಿನ ಪದ್ಧತಿ ಹಿಡಿದಿದ್ದೇನೆ. ಹಳೆಯ ಪ್ರೈಮರ್ ತೆಗೆದು, ಕೇಸ್‌ಗಳ ಜೊತೆ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳು, ನೀರು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ ತಿರುಗಿಸುತ್ತೇನೆ. ಹೊರಬರುವ ನೀರು ಕಪ್ಪಗಿರುತ್ತದೆ. ಆ ಕಪ್ಪಿನಲ್ಲೂ ಸೀಸವಿದೆ. ಅಡುಗೆಮನೆಯ ಸಿಂಕು, ಜರಡಿ, ಬೋಗುಣಿ ಯಾವುದನ್ನೂ ಈ ಕೆಲಸಕ್ಕೆ ಮುಟ್ಟಬಾರದು. ಕೈಗವಸು ಬೇಕು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಬಟ್ಟೆ ಬದಲಿಸಬೇಕು. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿಯೇ ಇಲ್ಲ.

ಸಿಟ್ರಿಕ್ ಆಮ್ಲ ಮಾಡುವುದು ನಮ್ಮ ಮನೆಗಳಲ್ಲಿ ದೀಪದ ಕಂಬಕ್ಕೆ ಹುಣಸೆಹಣ್ಣು ಮಾಡುವ ಕೆಲಸವನ್ನೇ. ಆದರೆ ಕಾಡತೂಸಿನ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಆಮ್ಲ ಹೆಚ್ಚಾದರೆ, ನೆನೆಸಿದ್ದು ಹೆಚ್ಚು ಹೊತ್ತಾದರೆ, ಮೇಲ್ಮೈಯ ಸತು ಕರಗಿ ಕೇಸ್ ನಸುಗೆಂಪಾಗುತ್ತದೆ. ಆ ಬಣ್ಣ ಕಂಡರೆ ಮುಂದಿನ ಸಲ ಆಮ್ಲವನ್ನೂ ಸಮಯವನ್ನೂ ತಗ್ಗಿಸಬೇಕು.

ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಇದರ ಪಾಠ ಸಿಕ್ಕಿದ್ದು ಭಾರತದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಕಾಡತೂಸುಗಳು ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ತಯಾರಿಕೆಯ ವೇಳೆ ಹಿತ್ತಾಳೆಯಲ್ಲಿ ಉಳಿದ ಬಿಗಿತ, ಎರಡೂ ಸೇರಿ ಲೋಹವನ್ನು ಸೀಳುತ್ತವೆ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಪಾಲಿಶ್ ಡಬ್ಬಿಯ ಮೇಲಿನ ಸಣ್ಣಕ್ಷರ ಓದುವ ಅಭ್ಯಾಸ ನನಗೆ ಬಂದದ್ದು ಈ ಕಥೆ ತಿಳಿದ ಮೇಲೆ.

ತೊಳೆದದ್ದನ್ನು ಟವೆಲ್ ಮೇಲೆ ಹರಡಿ ಗಾಳಿ ಬಿಸಿಲಿಗೆ ಒಣಗಿಸುತ್ತೇನೆ. ಬೆಂಕಿಗೆ ಹಿಡಿಯುವುದಿಲ್ಲ, ಅದರ ಜೋರು ಶಾಖ ಹಿತ್ತಾಳೆಯನ್ನು ಮೆತ್ತಗೆ ಮಾಡುತ್ತದೆ. ಬುಡ ಮೆತ್ತಗಾದ ಕೇಸ್ ಅಪಾಯಕಾರಿ. ಒಳಗೆ ತೇವ ಉಳಿದರೂ ಮದ್ದು ಕೆಡುತ್ತದೆ.

ಒಣಗಿದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತೇನೆ. ಬುಡದ ತೂತಿನಲ್ಲಿ ಸ್ಟೀಲ್ ಕಡ್ಡಿ ಸಿಕ್ಕಿಕೊಂಡಿರಬಾರದು. ಬಾಯಿಯಂಚಿನಲ್ಲಿ ಸೀಳಿರಬಾರದು. ರೈಫಲ್ ಕೇಸ್ ಆದರೆ ಬುಡಕ್ಕಿಂತ ಸ್ವಲ್ಪ ಮೇಲೆ ಸುತ್ತಲೂ ತೆಳುವಾದ ಹೊಳೆಯುವ ಗೆರೆ ಇದೆಯೇ ನೋಡಬೇಕು. ಕೇಸ್ ಅಲ್ಲಿಂದಲೇ ತುಂಡಾಗುವ ಸೂಚನೆ ಅದು. ತುದಿ ಬಗ್ಗಿಸಿದ ತಂತಿಯನ್ನು ಒಳಗೋಡೆಗೆ ತಾಗಿಸಿ ಎಳೆದರೆ ಅಲ್ಲಿ ಸಣ್ಣ ಹಳ್ಳ ಬೆರಳಿಗೆ ತಿಳಿಯುತ್ತದೆ.

ಹೊಸಬರು ನನ್ನ ಹತ್ತಿರ ಕೇಳುವುದು ಎಷ್ಟು ಹೊತ್ತು ತಿರುಗಿಸಿದರೆ ಹೊಸದರ ಹಾಗೆ ಹೊಳೆಯುತ್ತದೆ ಎಂದು. ಬಿರುಕು ಕಾಣುವಷ್ಟು ಶುದ್ಧವಾದರೆ ಸಾಕು ಎನ್ನುತ್ತೇನೆ. ಅನುಮಾನ ಬಂದ ಕೇಸನ್ನು ಇಕ್ಕಳದಿಂದ ಜಜ್ಜಿಯೇ ಗುಜರಿಗೆ ಹಾಕಿ. ಇನ್ನೊಬ್ಬರು ಹೆಕ್ಕಿ ತುಂಬಿಸುವಂತಾಗಬಾರದು.