ಅವರ ಪಾಲು, ಇವರ ಪಾಲು, ಊರಿನ ಪಾಲು



ನಮ್ಮ ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಬ್ಯಾಂಕ್ ಸಾಲ. ನಮ್ಮ ಪಾಲು ಇದ್ದರೆ ತಾನೇ ಹೊರಗಿನವರು ನಂಬಿ ಹಣ ಕೊಡೋದು? ದೊಡ್ಡ ಸೇವಾ ಕ್ಲಬ್‌ಗಳೂ ಸರ್ಕಾರದ ಜೊತೆ ಹೀಗೇ ಪಾಲು ಹಾಕಿ ಕೆಲಸ ಮಾಡುತ್ತವೆ.

ಒಂದು ಉದಾಹರಣೆ ನೋಡೋಣ. ರೋಟರಿ ಕ್ಲಬ್ ಸದಸ್ಯರು ಕೊಡುವ ದೇಣಿಗೆ ರೋಟರಿ ಫೌಂಡೇಶನ್‌ಗೆ ಸೇರುತ್ತದೆ. 2009ರಲ್ಲಿ ರೋಟರಿಯೂ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಕೂಡ ಸೇರಿ ಕುಡಿಯುವ ನೀರು, ಶೌಚಾಲಯ, ಶುಚಿತ್ವದ ಕಾರ್ಯಕ್ರಮ ಆರಂಭಿಸಿದವು. ಮೊದಲು ಆರಿಸಿದ್ದು ಘಾನಾ, ಫಿಲಿಪ್ಪೀನ್ಸ್, ಡೊಮಿನಿಕನ್ ರಿಪಬ್ಲಿಕ್ ದೇಶಗಳನ್ನು. ಎರಡೂ ಕಡೆಯವರು ಹಣ ಹಾಕಿದರು. ಯುಎಸ್‌ಏಡ್ ತಾಂತ್ರಿಕ ಅನುಭವ ತಂದಿತು. ಆಯಾ ದೇಶದ ರೋಟರಿಯವರು ಜನರನ್ನೂ ಸ್ಥಳೀಯ ಅಧಿಕಾರಿಗಳನ್ನೂ ಒಟ್ಟುಗೂಡಿಸಿದರು.

ಆದರೆ ಬೋರ್‌ವೆಲ್ ಕೊರೆಸಿದರೆ ಸಾಕಾ? ಪಂಪು ಕೆಟ್ಟರೆ ಯಾರು ರಿಪೇರಿ ಮಾಡಿಸ್ತಾರೆ? ಘಾನಾದ ಹಳ್ಳಿಗಳಲ್ಲಿ ಇದಕ್ಕಾಗಿ ನೀರಿನ ಸಮಿತಿಗಳಿವೆ. ನೀರಿಗೆ ಅಷ್ಟಿಷ್ಟು ಹಣ ಪಡೆದು ರಿಪೇರಿಗೆ ಕೂಡಿಡುವುದು ಅವುಗಳ ಜವಾಬ್ದಾರಿ. ಇದೇ ಊರಿನ ಪಾಲು.

ಹೊರಗಿನ ನೆರವು ಶಾಶ್ವತವಲ್ಲ. ಅಮೆರಿಕದಲ್ಲಿ ಸರ್ಕಾರ ಬದಲಾಯಿತು. 2025ರ ಜುಲೈ 1ರಿಂದ ಯುಎಸ್‌ಏಡ್ ಮೂಲಕ ವಿದೇಶಗಳಿಗೆ ನೆರವು ಕೊಡುವುದೇ ನಿಂತಿತು. ಕೊಟ್ಟವರು ಹೋದ ಮೇಲೂ ನಲ್ಲಿಯಲ್ಲಿ ನೀರು ಬರಬೇಕಾದರೆ ಊರಿನ ಸಮಿತಿ ಗಟ್ಟಿಯಾಗಿರಬೇಕು, ಲೆಕ್ಕ ಸರಿಯಾಗಿರಬೇಕು.

ಸಂಘದಲ್ಲಿ ಚರ್ಚಿಸೋಣ:
1. ನಮ್ಮ ಊರಿಗೆ ಹೊರಗಿನ ಹಣದಿಂದ ಬಂದ ಯಾವ ಸೌಲಭ್ಯ ಇಂದೂ ನಡೆಯುತ್ತಿದೆ? ಯಾವುದು ನಿಂತಿದೆ?
2. ನಿಂತಿದ್ದಕ್ಕೆ ಕಾರಣ ಹಣವೋ, ನೋಡಿಕೊಳ್ಳುವವರಿಲ್ಲದ್ದೋ?
3. ಮುಂದೆ ಯಾರಾದರೂ ನೆರವು ತಂದರೆ, ಒಪ್ಪಿಕೊಳ್ಳುವ ಮೊದಲು ನಾವು ಏನೇನು ಕೇಳಬೇಕು?